ಹೆಕ್ಸಮ್‌ನ ಕುದುರೆ ಸವಾರ ಮತ್ತು ನಮ್ಮ ತೋಡಿನ ಸಂಕ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ದಿನ ಟೈನ್ ನದಿಯ ಕಣಿವೆಯಲ್ಲಿ ಸಾಗುವ ರೈಲು ಹತ್ತಿ ಹೆಕ್ಸಮ್ ಎಂಬ ಪುಟ್ಟ ಪೇಟೆಗೆ ಹೋಗಿ ಬಂದೆ. ಅಲ್ಲಿಯ ಹಳೆಯ ಇಗರ್ಜಿಯಲ್ಲಿ, ಹಿಂದೆ ಸನ್ಯಾಸಿಗಳು ರಾತ್ರಿಯ ಪ್ರಾರ್ಥನೆಗೆ ಇಳಿದು ಬರುತ್ತಿದ್ದ ಮೆಟ್ಟಿಲುಗಳ ಬುಡದಲ್ಲಿ, ಎಂಟು ಅಡಿಗಿಂತಲೂ ಎತ್ತರದ ಒಂದು ಸವೆದ ಕಲ್ಲು ನಿಂತಿದೆ. ಅದರಲ್ಲಿ ಶಿರಸ್ತ್ರಾಣಕ್ಕೆ ಗರಿ ಮುಡಿದ ಕುದುರೆ ಸವಾರನೊಬ್ಬ ಲಾಂಛನದ ಕೋಲು ಹಿಡಿದು ಮುನ್ನುಗ್ಗುತ್ತಿದ್ದಾನೆ. ಕುದುರೆಯ ಕಾಲ ಬಳಿ ಗಡ್ಡದ ಶತ್ರುವೊಬ್ಬ ಬರಿಮೈಯಲ್ಲಿ ಮುದುಡಿ ಕುಳಿತಿದ್ದಾನೆ, ಆದರೆ ಕತ್ತಿಯನ್ನು ಮಾತ್ರ ಬಿಟ್ಟಿಲ್ಲ. ‘ಅರೆ, ಇದು ವೀರಗಲ್ಲು!’ ಎಂಬ ಮಾತು ನನ್ನ ಬಾಯಿಂದ ಹೊರಟೇಹೋಯಿತು.

ಕೆಳಗಿನ ಲ್ಯಾಟಿನ್ ಬರಹ ಬಹಳ ಚಿಕ್ಕದು. ಸತ್ತವನ ಹೆಸರು ಫ್ಲಾವಿನಸ್. ಅವನು ಪೆಟ್ರಿಯಾನಾ ಎಂಬ ರೋಮನ್ ಅಶ್ವದಳದಲ್ಲಿ, ಕ್ಯಾಂಡಿಡಸ್‌ನ ತುಕಡಿಯಲ್ಲಿ, ಲಾಂಛನ ಹೊರುತ್ತಿದ್ದವನು. ವಯಸ್ಸು 25, ಸೇವೆ 7 ವರ್ಷ, ಇಲ್ಲಿ ಮಲಗಿದ್ದಾನೆ. ಬರಹ ಆರಂಭವಾಗುವುದು ಗತಿಸಿದವರ ದೈವಗಳಿಗೆ ಅರ್ಪಣೆ ಎಂಬ ಅರ್ಥದ ಮಾತಿನಿಂದ. ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಗತಿಸಿದ ಹಿರಿಯರಿಗೆ, ಎಲೆ ಹಾಕಿ ಬಡಿಸುವ ಮನೆಯಲ್ಲಿ ಬೆಳೆದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಅವನು ಯಾವ ಕಾಳಗದಲ್ಲಿ ಸತ್ತ, ಕಾಳಗದಲ್ಲೇ ಸತ್ತನೋ ಜ್ವರ ಬಂದು ಸತ್ತನೋ, ಅದು ಆ ಬರಹದಲ್ಲಿಲ್ಲ. ಉಡುಪಿ ಬಳಿಯ ನಮ್ಮ ಉದ್ಯಾವರದ ಶಂಭುಕಲ್ಲು ದೇವಸ್ಥಾನದ ಬಳಿಯ ಶಾಸನಗಳು ಇದಕ್ಕೆ ಸರಿಯಾಗಿ ತಿರುಗುಮುರುಗು. ಎಂಟನೆಯ ಶತಮಾನದಲ್ಲಿ ಉದಯಪುರವೆಂಬ ಆ ಪಟ್ಟಣಕ್ಕಾಗಿ ಆಳುಪ ಅರಸರು ತಮ್ಮ ತಮ್ಮಲ್ಲೇ ಕಾದಾಡಿದಾಗ ಮಡಿದ ಬಂಟರನ್ನು ಅವು ನೆನೆಯುತ್ತವೆ: ಯಾರ ಪರವಾಗಿ ಕಾದಿದ, ಕಾದಿ ಸ್ವರ್ಗಕ್ಕೇರಿದ ಎಂಬುದಷ್ಟೇ ಅಲ್ಲಿ ಮುಖ್ಯ, ವಯಸ್ಸಿನ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ. ಸಂಬಳ ಕೊಡುವ ಸೈನ್ಯಕ್ಕೂ ಒಡೆಯನ ಋಣಕ್ಕೆ ಬಿದ್ದ ಬಂಟನಿಗೂ ಇರುವ ವ್ಯತ್ಯಾಸ ಇದೇ ಇರಬೇಕೆಂದು ನನ್ನ ಊಹೆ.

ಅಂದಹಾಗೆ, ದಾಯಾದಿ ಜಗಳದ ಗುರುತು ಹೆಕ್ಸಮ್‌ನಲ್ಲಿಯೂ ಇದೆ. ಸುಮಾರು 674ರಲ್ಲಿ ಸಂತ ವಿಲ್ಫ್ರಿಡ್ ಕಟ್ಟಿಸಿದ ನೆಲಮಾಳಿಗೆಯ ಕಲ್ಲೊಂದರಲ್ಲಿ ಚಕ್ರವರ್ತಿ ಸೆವೆರಸ್ ಮತ್ತು ಅವನ ಮಕ್ಕಳ ಹೆಸರುಗಳಿವೆ. 211ರಲ್ಲಿ ಅಣ್ಣ ಕ್ಯಾರಕಲ್ಲಾ ತಮ್ಮ ಗೆಟಾನನ್ನು ಕೊಲ್ಲಿಸಿದ ಮೇಲೆ ಅಲ್ಲಿಂದ ತಮ್ಮನ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದಿದ್ದಾರೆ.

ಈ ಕಲ್ಲುಗಳು ಮೂಲತಃ ಹೆಕ್ಸಮ್‌ನವಲ್ಲ. ಐದಾರು ಕಿಲೋಮೀಟರ್ ಆಚೆಯ ಕಾರ್‌ಬ್ರಿಜ್‌ನಲ್ಲಿ ರೋಮನರ ಪಟ್ಟಣ ಪಾಳುಬಿದ್ದಾಗ, ಇಗರ್ಜಿ ಕಟ್ಟುವವರು ಕಡಿದು ಸಿದ್ಧವಾಗಿದ್ದ ಕಲ್ಲುಗಳನ್ನು ಹೇರಿಕೊಂಡು ಬಂದರು. ಫ್ಲಾವಿನಸ್‌ನೂ ಹಾಗೆಯೇ ಬಂದವನೆಂದು ಬಲ್ಲವರು ಭಾವಿಸುತ್ತಾರೆ. ಅವನ ಹೆಸರು, ಕುದುರೆ, ಗರಿ ಯಾವುದೂ ಮೇಸ್ತ್ರಿಗೆ ಬೇಕಾಗಿರಲಿಲ್ಲ, ಬೇಕಾಗಿದ್ದದ್ದು ಉದ್ದನೆಯ ಗಟ್ಟಿ ಹಾಸುಗಲ್ಲು. 1881ರಲ್ಲಿ ಕಟ್ಟಡದ ದಕ್ಷಿಣ ಭಾಗದ ತಳದಲ್ಲಿ ಮತ್ತೆ ಸಿಗುವವರೆಗೆ ಅವನು ಬರಿಯ ಕಲ್ಲಾಗಿದ್ದ. ಗೌರವದಿಂದ ಬಯಲಲ್ಲೇ ನಿಲ್ಲಿಸಿದ್ದರೆ ಅಲ್ಲಿಯ ಮಳೆ, ಹಿಮಗಳಿಗೆ ಇಷ್ಟಾದರೂ ಉಳಿಯುತ್ತಿತ್ತೇ ಎಂಬುದು ನನ್ನ ಅನುಮಾನ.

ಇದನ್ನು ಬರೆಯುವಾಗ ನಮ್ಮ ಹಿತ್ತಿಲಿನ ತೋಡು ಕಣ್ಣಮುಂದೆ ಬರುತ್ತಿದೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದನ್ನು ದಾಟಲು ಹಾಕಿದ್ದ ಸಂಕ ಒಂದೇ ಉದ್ದನೆಯ ಶಿಲೆಯದಾಗಿತ್ತು; ಅಡಿಯಲ್ಲಿ ಮೀನು ಹಿಡಿಯಲು ಕೈಹಾಕಿದಾಗ ಕಲ್ಲಿನ ಕೆಳಮೈ ನುಣುಪಾಗಿರದೆ ಏನೋ ಉಬ್ಬುತಗ್ಗಾಗಿ ಬೆರಳಿಗೆ ತಾಗುತ್ತಿತ್ತು. ಕೇಳಿದರೆ ಅಜ್ಜಿ, ‘ಅದರ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯಬೇಡ’ ಎಂದು ಹೇಳುತ್ತಿದ್ದರೇ ಹೊರತು ಕಾರಣ ಹೇಳುತ್ತಿರಲಿಲ್ಲ. ಕಾಂಕ್ರೀಟಿನ ಸಂಕ ಬಂದ ಮೇಲೆ ಆ ಕಲ್ಲನ್ನು ಗದ್ದೆಯ ಬದಿಗೆ ಸರಿಸಿದರು, ಆಗಲೂ ಅದನ್ನು ಯಾರೂ ಮಗುಚಲಿಲ್ಲ. ಹೋದ ವಾರ ಹೋಗಿ ನೋಡಿದೆ. ಅರ್ಧ ಮಣ್ಣಿನಲ್ಲಿ ಹೂತು, ಮೇಲೆ ಪಾಚಿ ಕಟ್ಟಿ ಹಾಗೆಯೇ ಬಿದ್ದಿದೆ. ಒಬ್ಬನಿಂದ ಆಗುವ ಕೆಲಸವಲ್ಲ. ಮಳೆ ಬಿಟ್ಟ ಮೇಲೆ ಹಾರೆ ಹಿಡಿದು ನಾಲ್ಕು ಜನ ಬರುತ್ತೇವೆಂದು ನೆರೆಮನೆಯವರು ಹೇಳಿದ್ದಾರೆ.