ಕುದುರೆಮುಖದ ಪ್ಲಾನ್ ಸಂಜೆಯಿಂದ ಶುರು

ಮಂಗಳೂರಿನಲ್ಲಿ ನಮ್ಮದು ನಾಲ್ಕು ಜನರ ಆಫೀಸು. ಶನಿವಾರ, ಭಾನುವಾರ ಜನರನ್ನು ಗುಡ್ಡ ಹತ್ತಿಸಿ ಇಳಿಸಿಕೊಂಡು ಬರುವುದು ಕೆಲಸ. "ಒಳ್ಳೇ ಮಜಾ ಅಲ್ವಾ ನಿಮಗೆ" ಅನ್ನುತ್ತಾರೆ ಎಲ್ಲರೂ. ಮಜಾ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ವಾರದ ಮುಕ್ಕಾಲು ಪಾಲು ಕಳೆಯುವುದು ಫೋನಿನಲ್ಲಿ. ಜೀಪಿನವರು, ಅರಣ್ಯ ಇಲಾಖೆಯ ಬುಕಿಂಗ್, ಬುತ್ತಿ ಕಟ್ಟಿಕೊಡುವ ಮನೆಯವರು, ಮತ್ತೆ "ಮಳೆ ಬಂದ್ರೆ ದುಡ್ಡು ವಾಪಸ್ ಕೊಡ್ತೀರಾ" ಎಂದು ಕೇಳುವವರು.

ಕೆಲಸಕ್ಕೆ ಸೇರಿದ ಎರಡನೇ ವರ್ಷ, ನವೆಂಬರಿನಲ್ಲಿ, ಒಂದು ಆಫೀಸಿನ 14 ಜನರನ್ನು ಕುದುರೆಮುಖಕ್ಕೆ ಕರೆದುಕೊಂಡು ಹೋಗಿದ್ದೆ. ಒಂದೇ ದಿನದಲ್ಲಿ ಹೋಗಿ ಬರುವುದು. ಪ್ಲಾನ್ ಚೆಂದ ಟೈಪ್ ಮಾಡಿ ಗ್ರೂಪಿಗೆ ಹಾಕಿದ್ದೆ. 4:30ಕ್ಕೆ ಮಂಗಳೂರು, 5:45ಕ್ಕೆ ಕಾರ್ಕಳದಲ್ಲಿ ತಿಂಡಿ, 8:15ಕ್ಕೆ ನಡಿಗೆ ಶುರುವಾಗುವ ಊರು ಮುಳ್ಳೋಡಿ, 12:30ಕ್ಕೆ ತುದಿ. ಬೆಳಗಿನದ್ದೆಲ್ಲ ನಿಮಿಷದ ಲೆಕ್ಕದಲ್ಲಿತ್ತು. ಮಧ್ಯಾಹ್ನದ ನಂತರ ಒಂದೇ ಪದ: "ವಾಪಸ್".

ಮೊದಲ 20 ನಿಮಿಷ ಹೋದದ್ದು ಜ್ಯೋತಿ ಸರ್ಕಲ್ಲಿನಲ್ಲಿ, ಇಬ್ಬರು ಎದ್ದಿರಲಿಲ್ಲ. ಕಾರ್ಕಳದಲ್ಲಿ ಬನ್ಸ್ ಬಿಸಿ ಇತ್ತು, ಗೋಳಿಬಜೆ ಈಗ ಬರ್ತದೆ ಅಂದರು, ಅದಕ್ಕೆ ಕಾದೆವು, ಅದರ ಮೇಲೆ ಇನ್ನೊಂದು ಚಾ. ಮಾಳದ ಘಾಟಿಯಲ್ಲಿ ತಿಂದದ್ದೆಲ್ಲ ಒಬ್ಬರಿಗೆ ಹೊರಗೆ ಬಂತು. ಬಳಗಲ್‌ನಲ್ಲಿ ಬಸ್ ಬಿಟ್ಟು ಜೀಪು ಹತ್ತಿ, ಆ ಕಲ್ಲುರಸ್ತೆಯಲ್ಲಿ ಕುಲುಕಿಸಿಕೊಂಡು ಮುಳ್ಳೋಡಿ ಮುಟ್ಟುವಾಗ ಗಂಟೆ 9:15. ಗುರುತಿನ ಚೀಟಿ ತೋರಿಸಿ, ಹೆಸರು ಬರೆಸಿ, ನಡೆಯಲು ಶುರುಮಾಡಿದ್ದು 9:45ಕ್ಕೆ. ಆಗ ಈಗಿನಷ್ಟು ಬಿಗಿ ಇರಲಿಲ್ಲ.

ಒಂದು ಗಂಟೆ ದೂರ ಹೋಗಿಲ್ಲ, ಒಬ್ಬರ ಶೂಸಿನ ಅಡಿ ಬಾಯಿ ಬಿಟ್ಟಿತು. ನೋಡಲು ಹೊಸದರ ಹಾಗೇ ಇತ್ತು. "ಮೂರು ವರ್ಷದ ಹಿಂದೆ ತಗೊಂಡದ್ದು, ಎರಡೇ ಸಲ ಹಾಕಿದ್ದು" ಅಂದರು. ಅದೇ ತೊಂದರೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಇಂಥ ಶೂಸಿನ ಅಡಿಯಲ್ಲಿರುವ ಪಾಲಿಯುರಿಥೇನ್, ಗಾಳಿಯ ತೇವ ಹೀರಿ ಒಳಗೊಳಗೇ ಪುಡಿಯಾಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಕಪಾಟಿನಲ್ಲಿ ಕೂತ ಶೂಸಿಗೆ ಆಯುಸ್ಸು ಕಡಿಮೆ. ನಮ್ಮ ಗೈಡ್, ಅದೇ ಊರಿನವರು, ಚೀಲದಿಂದ ಪ್ಲಾಸ್ಟಿಕ್ ಹಗ್ಗ ತೆಗೆದು ಶೂಸಿಗೆ ಸುತ್ತು ಹಾಕಿ ಬಿಗಿದರು. ಅರ್ಧ ಗಂಟೆಗೊಮ್ಮೆ ಅದು ಸಡಿಲವಾಗುತ್ತಿತ್ತು. 14 ಜನ ನಿಲ್ಲುತ್ತಿದ್ದರು.

ಒಂಟಿ ಮರ ದಾಟಿ ಎಷ್ಟೋ ಮೇಲೆ ಹೋಗಿದ್ದೆವು. ಗಂಟೆ ಒಂದು. ಗೈಡ್ ಹತ್ತಿರ ಬಂದು ಮೆಲ್ಲ ಹೇಳಿದರು: "ಇನ್ನು ಸಾಕು ಸರ್, ಇಲ್ಲೇ ಊಟ ಮಾಡಿ ತಿರುಗುವ."

ಆದರೆ ತುದಿ ಕಾಣುತ್ತಿತ್ತಲ್ಲ! ಹುಲ್ಲಿನ ಗುಡ್ಡದ ಮೋಸವೇ ಅದು. ಮಧ್ಯೆ ಮರವಿಲ್ಲದ ಕಾರಣ ಎಲ್ಲವೂ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ. "ಇಷ್ಟು ಬಂದು ಈಗ ಎಂತ ವಾಪಸ್ ಹೋಗುವುದು ಮಾರಾಯ್ರೆ? ಅಲ್ಲೇ ಉಂಟಲ್ಲ" ಅಂದರು ಟೀಮಿನ ಹಿರಿಯರು. ಮುಂದಿನ ಬುಕಿಂಗ್ ಕೊಡಬೇಕಾದವರೂ ಅವರೇ. ನಾನು ಗೈಡಿನ ಮುಖ ನೋಡಲಿಲ್ಲ. "ಸರಿ, ಬೇಗ ಬೇಗ ಹೋಗುವ" ಅಂದೆ.

ತುದಿ ಮುಟ್ಟುವಾಗ 2:50. ಊಟ, ಫೋಟೋ ಮುಗಿಸಿ ಹೊರಟದ್ದು 3:30ಕ್ಕೆ. ಆರು ಗಂಟೆಗೆ ಸೂರ್ಯ ಮುಳುಗಿದ. ಪಣಂಬೂರಿನಲ್ಲಾದರೆ ಸೂರ್ಯ ಹೋದ ಮೇಲೂ ಅರ್ಧ ಗಂಟೆ ಮರಳಿನಲ್ಲಿ ಕೂತು ಚುರುಮುರಿ ತಿನ್ನಬಹುದು, ಸಮುದ್ರದ ಮೇಲೆ ಬೆಳಕು ಉಳಿದಿರುತ್ತದೆ. ಹುಲ್ಲುಗುಡ್ಡಗಳ ನಡುವಿನ ಕಣಿವೆಯಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನೊಳಗೆ ಹಾಗಲ್ಲ. ಹೊರಗೆ ಹುಲ್ಲು ಇನ್ನೂ ಕಾಣುವಾಗಲೇ ಒಳಗೆ ಕಾಲಡಿಯ ಬೇರು ಕಾಣುವುದಿಲ್ಲ. ಟಾರ್ಚ್ ಎರಡು, ನನ್ನದೊಂದು, ಗೈಡಿನದೊಂದು. ಫೋನುಗಳಲ್ಲಿ ಹೆಚ್ಚಿನವು ಆಗಲೇ ಸತ್ತಿದ್ದವು. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಫೋನು ಇಡೀ ದಿನ ಹುಡುಕಿ ಹುಡುಕಿ ಬ್ಯಾಟರಿ ಮುಗಿಸಿಕೊಳ್ಳುತ್ತದೆ. ಪ್ರತಿ ತೊರೆಯ ಹತ್ತಿರ ನಾನು ಈಚೆ ದಡದಲ್ಲಿ, ಗೈಡ್ ಆಚೆ ದಡದಲ್ಲಿ ಟಾರ್ಚ್ ಹಿಡಿದು ನಿಂತು ಒಬ್ಬೊಬ್ಬರನ್ನೇ ದಾಟಿಸಿದೆವು. ಒಬ್ಬರಿಗೆ ಮೊಣಕಾಲು ಹಿಡಿದುಕೊಂಡಿತ್ತು, ಅವರು ಕೂತು ಕೂತು ಇಳಿದರು. ಯಾರೂ ಮಾತಾಡುತ್ತಿರಲಿಲ್ಲ. ಇಂಬಳ ಕಚ್ಚಿದರೂ ಕೂಗಾಟ ಇಲ್ಲ. ಮುಳ್ಳೋಡಿಯ ದೀಪ ಕಂಡದ್ದು 8:20ಕ್ಕೆ.

ಅಷ್ಟರಲ್ಲಿ ಮನೆಗಳಲ್ಲಿ ಗಾಬರಿ. ಒಬ್ಬರ ಹೆಂಡತಿ ನಮ್ಮ ಆಫೀಸಿಗೆ ಏಳು ಸಲ ಫೋನ್ ಮಾಡಿದ್ದರಂತೆ. ಎತ್ತಿಕೊಂಡವರ ಹತ್ತಿರ ಜೀಪಿನವರ ನಂಬರೂ ಇರಲಿಲ್ಲ. ನಾನು ಕೊಟ್ಟಿರಲಿಲ್ಲ.

ಆಮೇಲೆ ನಾನು ಲೆಕ್ಕವನ್ನು ತಿರುಗಿಸಿ ಹಾಕಲು ಶುರುಮಾಡಿದೆ. ನವೆಂಬರಿನಲ್ಲಿ ಆರಕ್ಕೆ ಸೂರ್ಯಾಸ್ತ. ಕೊನೆಯವರು 4:30ಕ್ಕೆ ಮುಳ್ಳೋಡಿಯಲ್ಲಿ ಇರಬೇಕು, ಉಳಿದ ಒಂದೂವರೆ ಗಂಟೆ ಮೊಣಕಾಲಿಗೆ, ಶೂಸಿಗೆ, ಮಳೆಗೆ. ಇಳಿಯಲು ನಾಲ್ಕು ಗಂಟೆ ಇಡುತ್ತೇನೆ. ಇಳಿಯುವುದು ಬೇಗ ಆಗ್ತದೆ ಅನ್ನುವವರು ದಣಿದ ಕಾಲಲ್ಲಿ ಇಳಿದು ನೋಡಿದವರಲ್ಲ. ಅಂದರೆ 12:30ಕ್ಕೆ, ಎಲ್ಲಿದ್ದರೂ ಸರಿ, ತಿರುಗಬೇಕು.

ಹತ್ತಲು ಎಷ್ಟು? 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬವರು ಹೇಳಿದ ಲೆಕ್ಕ ಒಂದುಂಟು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುದುರೆಮುಖಕ್ಕೆ ಒಂದು ಬದಿಗೆ ಸುಮಾರು 10 ಕಿಲೋಮೀಟರ್, ಏರು ಸಾವಿರ ಮೀಟರಿನ ಹತ್ತಿರ. ಹಾಗಾದರೆ 3 ಗಂಟೆ 40 ನಿಮಿಷ. ಆದರೆ ಅದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ವಾರವಿಡೀ ಕುರ್ಚಿಯಲ್ಲಿ ಕೂರುವವರಿಗೆ ಅರ್ಧದಷ್ಟು ಸೇರಿಸುತ್ತೇನೆ. ಐದೂವರೆ ಗಂಟೆ. ಹಾಗಾಗಿ ಏಳಕ್ಕೆ ನಡಿಗೆ ಶುರುವಾಗಬೇಕು, 6:15ಕ್ಕೆ ಜೀಪು ಹತ್ತಬೇಕು, ಮಂಗಳೂರು ಬಿಡುವುದು ರಾತ್ರಿ 2:30ಕ್ಕೆ. ಕಾರ್ಕಳದ ಬನ್ಸ್ ಇಲ್ಲ. ಜೀಪಿನಲ್ಲೇ ಅವಲಕ್ಕಿ. ಇದು ಹೇಳಿದ ಕೂಡಲೇ ಅರ್ಧ ಜನ "ಹಿಂದಿನ ರಾತ್ರಿ ಮುಳ್ಳೋಡಿಯಲ್ಲೇ ಉಳಿಯುವ" ಅನ್ನುತ್ತಾರೆ. ನನಗೂ ಅದೇ ಬೇಕು.

ಉಳಿದದ್ದೆಲ್ಲ ಚಿಲ್ಲರೆ. ಶೂಸ್ ಹಾಕಿ ಮೊದಲೇ ಎರಡು ದಿನ ಕದ್ರಿ ಗುಡ್ಡ ಹತ್ತಿ ಇಳಿದು ಬರಲು ಹೇಳುತ್ತೇನೆ. ಫೋನು ಏರೋಪ್ಲೇನ್ ಮೋಡಿನಲ್ಲಿ. ತಲೆಗೊಂದು ಟಾರ್ಚ್, ಬೆಳಿಗ್ಗೆ ಚೀಲ ತೆರೆಸಿ ನೋಡುತ್ತೇನೆ, ಸ್ವಲ್ಪ ಜಾಸ್ತಿಯೇ ಮೇಷ್ಟ್ರ ಹಾಗೆ. ಬುಕಿಂಗ್ ಈಗ ಆನ್‌ಲೈನ್, ದಿನಕ್ಕೆ 300 ಜನ ಮಾತ್ರ, ಅದನ್ನು ಮೊದಲು ಮಾಡಿ ಆಮೇಲೆ ಬಸ್ಸಿಗೆ ಹೇಳುತ್ತೇವೆ. ಆಫೀಸಿನ ಗೋಡೆಯಲ್ಲಿ ಒಂದು ಚೀಟಿ: ಜೀಪಿನವರ ನಂಬರ್, ಉಳಿಯುವ ಮನೆಯವರ ನಂಬರ್, ಆರಕ್ಕೆ ನನ್ನ ಫೋನ್ ಬರದಿದ್ದರೆ ಯಾರು ಯಾರಿಗೆ ಮಾಡಬೇಕು. ಮತ್ತೆ, 12:30 ಎಂಬುದನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳುತ್ತೇನೆ. ಗುಡ್ಡದ ಮೇಲೆ ಹೇಳಿದರೆ ಅದು ಜಗಳ.

ಕಳೆದ ಡಿಸೆಂಬರಿನಲ್ಲಿ ಒಂಬತ್ತು ಜನರ ಒಂದು ತಂಡ ಇತ್ತು. 12:30ಕ್ಕೆ ತುದಿ ಎದುರಿಗೇ ಇತ್ತು, ಅದೇ ಮೋಸದ ತುದಿ. ನಾನು ಗಡಿಯಾರ ತೋರಿಸಿದೆ. ಒಬ್ಬರು ಇಳಿಯುವಷ್ಟು ಹೊತ್ತೂ ನನ್ನ ಜೊತೆ ಮಾತಾಡಲಿಲ್ಲ. ಸಂಸೆಯಲ್ಲಿ ಚಾ ಕುಡಿಯುವಾಗ ಇನ್ನೂ ಬೆಳಕಿತ್ತು, ಅವರು ಬೇರೆ ಬೆಂಚಿನಲ್ಲಿ ಕೂತರು. ಜನವರಿಗೆ ಅವರೇ ಪುನಃ ಫೋನ್ ಮಾಡಿದರು. ಆರು ಜನ, ಹಿಂದಿನ ರಾತ್ರಿ ಮುಳ್ಳೋಡಿಯಲ್ಲಿ ಉಳಿಯುತ್ತಾರಂತೆ. "ಆರಕ್ಕೇ ನಡೆಯಲು ಬಿಡ್ತಾರಾ, ಸ್ವಲ್ಪ ಕೇಳಿ ನೋಡಿ" ಅಂದರು.