ನಳಿಗೆ ಕೇಳಿದ ಗುಂಡು

21 ಅಕ್ಟೋಬರ್ 2023, ಶನಿವಾರ
ಪೆನ್ಸಿಲ್ವೇನಿಯಾ

ಇವತ್ತು ಐದಕ್ಕೆ ಐದು ಗುಂಡೂ ಕಾಗದದಲ್ಲಿ ದುಂಡಗೆ ತೂತು ಮಾಡಿದವು. ಇಷ್ಟನ್ನು ಬರೆಯೋಕೆ ನನಗೆ ಏಳು ವಾರ ಹಿಡಿಯಿತು.

ದುಂಡಗೆ ತೂತು ಮಾಡೋದರಲ್ಲಿ ಏನು ದೊಡ್ಡಸ್ತಿಕೆ ಅಂತ ಅನ್ನಿಸಬಹುದು. ಸೆಪ್ಟೆಂಬರ್ ಮೊದಲ ವಾರ ನಾನು ಹೊಡೆದ ಗುಂಡುಗಳು ಗಾಳಿಯಲ್ಲೇ ಮಗುಚಿಕೊಂಡು ಅಡ್ಡಡ್ಡ ಬಡಿದಿದ್ದವು. ಕಾಗದದ ಮೇಲೆ ಉದ್ದುದ್ದ ಸೀಳು. ಹತ್ತರಲ್ಲಿ ಮೂರು ಕಾಗದಕ್ಕೇ ತಾಗಿರಲಿಲ್ಲ. ದೂರ ಬರೀ 50 ಗಜ. ಕಲ್ಲೆಸೆದಿದ್ದರೂ ಇನ್ನೊಂಚೂರು ಚೆನ್ನಾಗಿ ತಾಗ್ತಿತ್ತೋ ಏನೋ.

ಕೋವಿ ನನ್ನದಲ್ಲ, ಪಕ್ಕದ ಮನೆ ಅಜ್ಜನದು. ಎದುರಿಗೆ ಅವರನ್ನು ಹೆಸರು ಹಿಡಿದೇ ಕರೆಯುತ್ತೇನೆ, ಈ ದೇಶದಲ್ಲಿ ಹಾಗೇ. ಕನ್ನಡದಲ್ಲಿ ಬರೆಯುವಾಗ ಮಾತ್ರ ಕೈ ಬರೋದಿಲ್ಲ, ಎಂಬತ್ತು ದಾಟಿದವರು. ಅವರ ಅಪ್ಪ 1920ರ ದಶಕದಲ್ಲಿ ಕೊಂಡಿದ್ದ ವಿಂಚೆಸ್ಟರ್ 94 ಅದು. ಕೈಹಿಡಿಯ ಹತ್ತಿರ ಇರುವ ಲಿವರನ್ನು ಕೆಳಕ್ಕೆ ದೂಡಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ, ಹೊಸದು ಒಳಗೆ ಕೂರುತ್ತದೆ. ಜಾನ್ ಬ್ರೌನಿಂಗ್ ಅನ್ನೋ ಮಹಾನುಭಾವ ರೂಪಿಸಿದ್ದು. ಇಲ್ಲಿಯವರೆಗೆ 70 ಲಕ್ಷಕ್ಕೂ ಜಾಸ್ತಿ ತಯಾರಾಗಿವೆ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಸೆಮಿ-ಆಟೊಮ್ಯಾಟಿಕ್ ರೈಫಲ್, ಅಂದರೆ ಪ್ರತಿ ಈಡಿನ ಮೇಲೆ ತಾನೇ ತೋಟಾ ತುಂಬಿಕೊಳ್ಳುವ ಕೋವಿ, ತರೋ ಹಾಗಿಲ್ಲ. ಹಾಗಾಗಿ ಇಂಥ ಮುದಿ ಕೋವಿಗಳಿಗೆ ಇಲ್ಲಿ ಇನ್ನೂ ಮರ್ಯಾದೆ ಉಳಿದಿದೆ.

ತೊಡಕು ಅಂದರೆ ಇದು .30-30 ಅನ್ನೋ ಸಾಮಾನ್ಯ ಅಳತೆಯ ತೋಟಾದ ಕೋವಿ ಅಲ್ಲ. ಅದಾಗಿದ್ದರೆ ತೋಟಾ ಊರಿನ ಯಾವ ಅಂಗಡಿಯಲ್ಲಾದರೂ ಸಿಗ್ತಿತ್ತು. ಇದು ಅದರ ತಮ್ಮ, .32 ವಿಂಚೆಸ್ಟರ್ ಸ್ಪೆಷಲ್. 1902ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಆಗ ಹೊಗೆಯಿಲ್ಲದ ಮದ್ದು ಇನ್ನೂ ಹೊಸದು. ಮನೆಯಲ್ಲೇ ಕಪ್ಪು ಮದ್ದು ತುಂಬಿಕೊಳ್ಳುವವರಿಗೂ ಅನುಕೂಲ ಆಗಲಿ ಅಂತ ನಳಿಗೆಯೊಳಗಿನ ಸುರುಳಿ ಗೀರನ್ನು ನಿಧಾನ ಮಾಡಿದರು. .30-30ರಲ್ಲಿ ಗುಂಡು 12 ಇಂಚಿಗೊಂದು ಸುತ್ತು ಸುತ್ತಿದರೆ ಇದರಲ್ಲಿ 16 ಇಂಚಿಗೊಂದು. ನಿಧಾನ ಸುತ್ತುವ ಬುಗುರಿ ಬೇಗ ತೂರಾಡುತ್ತೆ, ಅಲ್ವಾ? ಹಾಗೆ ನಳಿಗೆ ಸ್ವಲ್ಪ ಸವೆದರೂ .32 ಸ್ಪೆಷಲ್ ಗುರಿ ತಪ್ಪುತ್ತೆ ಅಂತ ಹಳಬರಲ್ಲಿ ಒಂದು ಮಾತಿದೆ. ಇದರ ತೋಟಾ ಅಂಗಡಿಗೆ ಯಾವಾಗಲೋ ಒಮ್ಮೆ ಬರುತ್ತೆ, ಬಂದರೆ ಬೆಲೆ ಕೇಳೋ ಹಾಗಿಲ್ಲ. ಅದಕ್ಕೇ ಗುಂಡನ್ನು ನಾವೇ ಸೀಸದಲ್ಲಿ ಎರಕ ಹೊಯ್ಯೋಣ ಅಂತ ಅಜ್ಜನೂ ನಾನೂ ಹೊರಟಿದ್ದು.

ಎರಕದ ಕೆಲಸ ನನಗೆ ಹೊಸದಲ್ಲ ಅನ್ನೋ ಜಂಬ ನನ್ನದು. ತೀರ್ಥಹಳ್ಳಿ ಕಡೆ ನಮ್ಮ ಮನೆಯಲ್ಲಿ ಬಾಯಿಂದಲೇ ಮದ್ದು ಗುಂಡು ತುಂಬುವ ಒಂದು ಕೇಪಿನ ಕೋವಿ ಇತ್ತು, ಬೆಳೆ ರಕ್ಷಣೆಯ ಲೈಸೆನ್ಸಿನದು. ನಮ್ಮಜ್ಜ ಬಚ್ಚಲೊಲೆಯ ಕೆಂಡದ ಮೇಲೆ ಕಬ್ಬಿಣದ ಸೌಟಿಟ್ಟು ಸೀಸ ಕರಗಿಸುತ್ತಿದ್ದರು. ಎರಡು ಹೋಳಿನ ಅಚ್ಚಿಗೆ ಹೊಯ್ದು ಗೋಲಿಯಂಥ ಗುಂಡು ಉದುರಿಸುತ್ತಿದ್ದರು. ಗುಂಡು ನಳಿಗೆಗೆ ಸಡಿಲವಾದರೆ ತೆಂಗಿನ ನಾರು ತುರುಕಿ ಗಜ ಅನ್ನೋ ಉದ್ದ ಸರಳಿನಿಂದ ನಾಲ್ಕೇಟು ಜಡಿದರೆ ಆಯಿತು. ಚುನಾವಣೆ ಬಂದಾಗೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕಿತ್ತು. "ಕಾಡುಹಂದಿಗೆ ಎಲೆಕ್ಷನ್ ಗೊತ್ತೇನೋ?" ಅಂತ ಗೊಣಗೋರು.

ಆ ಜಂಬವೇ ನನ್ನನ್ನು ಕೆಡಿಸಿದ್ದು. ಗುಂಡು ಸಡಿಲ ಇದ್ದರೆ ನಾರು ತುರುಕು ಅನ್ನೋದು ನುಣುಪು ನಳಿಗೆಯ ನ್ಯಾಯ. ಗೀರಿದ್ದ ನಳಿಗೆಗೆ ಅದು ನಡೆಯಲ್ಲ.

ನಾನು ಮಾಡಿದ್ದು ಹೀಗೆ. ಪುಸ್ತಕದಲ್ಲಿ ಈ ಕೋವಿಯ ಗುಂಡಿನ ದಪ್ಪ 0.321 ಇಂಚು ಅಂತಿತ್ತು. 170 ಗ್ರೇನ್ ತೂಕದ ಅಚ್ಚು ತರಿಸಿದೆ. ಗ್ರಾಮಿನಲ್ಲಿ ಹೇಳಿದರೆ ಹನ್ನೊಂದು. ಮೂತಿ ಚಪ್ಪಟೆ ಇರೋದನ್ನೇ ನೋಡಿ ತಗೊಂಡೆ. ಈ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಬುಡದಲ್ಲಿರುವ, ಏಟು ಬಿದ್ದರೆ ಸಿಡಿಯುವ ಕೇಪಿಗೆ ಒತ್ತಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ ಕೋವಿ ಒದ್ದಾಗ ಒಳಗೇ ಈಡಾಗುವ ಅಪಾಯ. ಅಷ್ಟು ಬುದ್ಧಿ ನನಗಿತ್ತು. ಅಚ್ಚಿನಿಂದ ಬಂದ ಗುಂಡನ್ನು 0.321ರ ಡೈಯಲ್ಲಿ, ಅಂದರೆ ಗುಂಡನ್ನು ಸರಿಯಾದ ಅಳತೆಗೆ ತರುವ ತೂತಿನಲ್ಲಿ, ತೂರಿಸಿ, ಅಡಿಗೆ ತಾಮ್ರದ ಪುಟ್ಟ ಟೋಪಿ ಹಾಕಿ, ಗುಂಡಿನ ಮೈಮೇಲಿನ ಗೀರುಗಳಿಗೆ ಜೇನುಮೇಣ ಬೆರೆತ ಜಿಡ್ಡು ತುಂಬಿ, ಎಲ್ಲವನ್ನೂ ಪುಸ್ತಕದ ಪ್ರಕಾರವೇ ಮಾಡಿದೆ.

ಫಲ ಮೇಲೆ ಹೇಳಿದೆನಲ್ಲ. ಸಾಲದ್ದಕ್ಕೆ ನಳಿಗೆಯೊಳಗೆ ಇಣುಕಿದರೆ ಗೋಡೆಗೆಲ್ಲ ಬೆಳ್ಳಗೆ ಸೀಸ ಮೆತ್ತಿಕೊಂಡಿತ್ತು.

ಸೀಸ ಮೆತ್ತಿದೆ ಅಂದರೆ ಗುಂಡು ಮೆತ್ತಗಾಯಿತು ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳೋದು. ಅಚ್ಚಿನಿಂದ ಬಿಸಿಬಿಸಿ ಗುಂಡನ್ನು ನೀರಿನ ಬಕೆಟ್ಟಿಗೆ ಉದುರಿಸಿದೆ. ಹಳೆ ಕಾರಿನ ಚಕ್ರದ ಸಮತೋಲಕ್ಕೆ ಹಾಕುವ ತೂಕದ ತುಂಡುಗಳ ಸೀಸದಲ್ಲಿ ಆಂಟಿಮನಿ ಅನ್ನೋ ಧಾತು ಇರೋದರಿಂದ ಹೀಗೆ ತಣಿಸಿದರೆ ಚೆನ್ನಾಗಿ ಗಟ್ಟಿಯಾಗುತ್ತದೆ. ಉಗುರಲ್ಲಿ ಗೀರಿದರೆ ಗೆರೆ ಕೂಡ ಬೀಳಲಿಲ್ಲ. ಖುಷಿಯಿಂದ ಹೋಗಿ ಹೊಡೆದೆ. ಇನ್ನೂ ಕೆಟ್ಟದಾಯಿತು.

ಅಜ್ಜ ಬೆಂಚಿನ ಮೇಲೆ ಕೂತು ಕಾಫಿ ಕುಡೀತಿದ್ದರು. "ನೀನು ಪುಸ್ತಕವನ್ನೇ ಕೇಳ್ತಿದ್ದೀಯಲ್ಲ, ಕೋವಿಯನ್ನ ಕೇಳಿದ್ಯಾ?" ಅಂದರು.

ಕೇಳೋದು ಅಂದರೆ ಅಳೆಯೋದು. ಮೀನು ಗಾಳಕ್ಕೆ ಕಟ್ಟುವ ಸೀಸದ ಉಂಡೆಯೊಂದನ್ನು ಅಜ್ಜ ಡಬ್ಬಿಯಿಂದ ತೆಗೆದರು. ಶುದ್ಧ ಸೀಸ, ಬೆಣ್ಣೆಯಷ್ಟು ಮೆತ್ತಗೆ. ಮೊದಲು ನಳಿಗೆಯಲ್ಲಿದ್ದ ಸೀಸ ಉಜ್ಜಿ ತೆಗೀಬೇಕಿತ್ತು. ಅದಕ್ಕೆ ಪಾತ್ರೆ ತಿಕ್ಕುವ ತಾಮ್ರದ ನಾರು ಬೇಕು. ನಮ್ಮನೆ ಸಿಂಕಿನಿಂದ ಎತ್ತಿಕೊಂಡು ಹೋಗಿದ್ದೆ. ಅಜ್ಜ ಆಯಸ್ಕಾಂತ ಹಿಡಿದರು, ನಾರು ಟಪ್ ಅಂತ ಅಂಟಿಕೊಂಡಿತು! ಮೇಲೆ ಮಾತ್ರ ತಾಮ್ರದ ಬಣ್ಣ, ಒಳಗೆ ಕಬ್ಬಿಣ. ಅದು ನಳಿಗೆಯನ್ನೇ ಗೀರಿಬಿಡುತ್ತೆ. ಅಪ್ಪಟ ತಾಮ್ರದ್ದು ಹುಡುಕಿ ತರೋಕೆ ಇನ್ನೊಂದು ದಿನ ಹೋಯಿತು.

ಆಮೇಲೆ ನಳಿಗೆಗೆ ಎಣ್ಣೆ ಸವರಿ, ಲಿವರ್ ತೆರೆದಿಟ್ಟು, ಮೂತಿಯ ಕಡೆಯಿಂದ ಆ ಉಂಡೆಯನ್ನು ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂರಿಸಿದೆವು. ಅಂಚಿನ ಸೀಸ ಉಂಗುರದ ಹಾಗೆ ಸುಲಿದು ಬಿತ್ತು. ಹಿತ್ತಾಳೆ ಸರಳಿನಿಂದ ತಳ್ಳಿದೆ. ಮೊದಲ ಒಂದು ಇಂಚು ಬಿಗಿ. ನಡುವೆ ಒಂದು ಕಡೆ ಸರಳು ಸಲೀಸಾಗಿ ಜಾರಿತು, ಮತ್ತೆ ಬಿಗಿ. ಆ ಸಡಿಲ ಜಾಗ ಬಂದಾಗ ನಿಂತು ಅಜ್ಜನ ಮುಖ ನೋಡಿದೆ. "ನನ್ನ ಸೊಂಟದ ಹಾಗೇ, ಅಲ್ಲಿ ಸ್ವಲ್ಪ ಸವೆದಿದೆ" ಅಂದರು. ಸೀಸದ ಉಂಡೆ ಲಿವರಿನ ಬಾಯಿಂದ ಟವೆಲಿನ ಮೇಲೆ ಬಿತ್ತು. ಮೈಮೇಲೆ ಆರು ಗೀರು, ಹೊಳೆಯುವ ಪುಟ್ಟ ಹಲ್ಲಿನ ಚಕ್ರ. ಮೈಕ್ರೋಮೀಟರ್ ಹಿಡಿದರೆ 0.3225.

ನನ್ನ ಗುಂಡು 0.321. ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲು ಕಡಿಮೆ. ತಲೆಕೂದಲಿಗಿಂತ ತೆಳ್ಳಗಿನ ಆ ಸಂದಿಯಲ್ಲಿ ಮದ್ದಿನ ಬೆಂಕಿ ನುಗ್ಗಿ ಗುಂಡಿನ ಪಕ್ಕೆಯನ್ನು ಕೊರೆಯುತ್ತಿತ್ತು, ಕೊರೆದ ಸೀಸವನ್ನು ನಳಿಗೆಗೆ ಬಳಿಯುತ್ತಿತ್ತು. ನೀರಲ್ಲಿ ಹಾಕಿ ಗಟ್ಟಿ ಮಾಡಿದ ಮೇಲೆ ಗುಂಡು ಒತ್ತಡಕ್ಕೆ ಉಬ್ಬಿಕೊಂಡು ಸಂದಿ ಮುಚ್ಚುವ ಆಸೆಯೂ ಹೋಯಿತು. ನಾನು ರೋಗಕ್ಕೆ ಉಲ್ಟಾ ಮದ್ದು ಕೊಟ್ಟಿದ್ದೆ.

ಹಾಗಾದರೆ ಗುಂಡು ದಪ್ಪವಾಗಬೇಕು. ಅಚ್ಚು ಕೊಡೋದೇ 0.322. ಹೊಸ ಅಚ್ಚಿಗೆ ದುಡ್ಡು ಸುರಿಯೋ ಮನಸ್ಸಿರಲಿಲ್ಲ. ಇದಕ್ಕೊಂದು ಹಳೆ ಉಪಾಯ ಇದೆ. ಅಚ್ಚಿನ ಎರಡು ಹೋಳು ಸೇರುವ ಜಾಗದಲ್ಲಿ ಶಾಖ ತಡೆಯುವ ಅಲ್ಯೂಮಿನಿಯಂ ಟೇಪಿನ ಸಣ್ಣ ಚೂರು ಅಂಟಿಸೋದು. ಹೋಳುಗಳು ಕೂದಲೆಳೆಯಷ್ಟು ದೂರ ನಿಲ್ಲುತ್ತವೆ, ಗುಂಡು ದಪ್ಪವಾಗುತ್ತದೆ. ಪಕ್ಕದಲ್ಲಿ ತೆಳ್ಳಗೆ ಸೀಸದ ರೆಕ್ಕೆ ಬರುತ್ತೆ, ಡೈಯಲ್ಲಿ ತೂರಿಸಿದರೆ ಹೋಗುತ್ತೆ. ಡೈ ಯಾವುದು ಗೊತ್ತಾ? ಜರ್ಮನಿಯ 8 ಮಿಲಿಮೀಟರ್ ಮೌಸರ್ ರೈಫಲಿನದು, 0.324. ಅಗ್ಗದಲ್ಲೇ ಸಿಕ್ಕಿತು.

ಕಳೆದ ಭಾನುವಾರ ಗ್ಯಾರೇಜಿನ ಬಾಗಿಲು ತೆಗೆದಿಟ್ಟು, ಫ್ಯಾನ್ ಹಾಕಿ, ಎರಕಕ್ಕೆ ಕೂತೆ. ಟಯರ್ ಅಂಗಡಿಯಿಂದ ತಂದ ಚಕ್ರದ ತೂಕಗಳಲ್ಲಿ ಅರ್ಧಕ್ಕರ್ಧ ಈಗ ಸತು, ಇಲ್ಲವೇ ಕಬ್ಬಿಣ. ಒಂದೊಂದನ್ನೂ ಇಕ್ಕಳದಲ್ಲಿ ಕಚ್ಚಿ ನೋಡಬೇಕು. ಹಲ್ಲು ಇಳಿದರೆ ಸೀಸ, ಇಳಿಯದಿದ್ದರೆ ಪಕ್ಕಕ್ಕೆ. ಸತು ಬೆರೆತರೆ ಇಡೀ ಪಾತ್ರೆ ಗಂಜಿಯಾಗುತ್ತೆ. ಸೀಸ ಕರಗೋದು 327 ಡಿಗ್ರಿಗೆ, ಸತು 420ರ ಹತ್ತಿರ. ಹಾಗಾಗಿ 370ರ ಆಸುಪಾಸಿನಲ್ಲೇ ಇಟ್ಟರೆ ಕಣ್ತಪ್ಪಿ ಬಂದ ಸತು ಮೇಲೆ ತೇಲುತ್ತೆ, ಸೌಟಿನಿಂದ ಎತ್ತಿ ಹಾಕಬಹುದು. ಚೂರು ತವರ ಸೇರಿಸಿದೆ, ಅಚ್ಚಿನ ಮೂಲೆ ಮೂಲೆಗೂ ಸೀಸ ಹರಿಯಲಿ ಅಂತ. ಮೊದಲ ಇಪ್ಪತ್ತು ಗುಂಡು ಒಣದ್ರಾಕ್ಷಿ ಥರ ಸುಕ್ಕು ಸುಕ್ಕು, ಅಚ್ಚು ಇನ್ನೂ ತಣ್ಣಗಿತ್ತು. ಮೊದಲ ದೋಸೆ ಕಾವಲಿಗೆ ಅಂತಾರಲ್ಲ, ಹಾಗೆ. ಅವನ್ನು ಮತ್ತೆ ಪಾತ್ರೆಗೇ ಹಾಕಿದೆ. ಈ ಸಲ ನೀರಿನ ಬಕೆಟ್ ಇಡಲಿಲ್ಲ, ಹಳೆ ಟವೆಲಿನ ಮೇಲೆ ಉದುರಿಸಿದೆ. ಬಕೆಟ್ ಇಟ್ಟಿದ್ದೇ ಮೊದಲು ತಪ್ಪು. ಕರಗಿದ ಸೀಸದ ಪಾತ್ರೆಗೆ ಒಂದೇ ಒಂದು ಹನಿ ನೀರು ಬಿದ್ದರೂ ಸಿಡಿದು ಮುಖಕ್ಕೆ ಬರುತ್ತೆ.

ದಪ್ಪ ಗುಂಡು ಕೋವಿಗೆ ಸೇರುತ್ತಾ ಅಂತಲೂ ನೋಡಬೇಕು. ಒಮ್ಮೆ ಹೊಡೆದ ಖಾಲಿ ತೋಟಾದ ಬಾಯಿಗೆ ಗುಂಡು ಬೆರಳಲ್ಲೇ ಜಾರಿ ಇಳಿದರೆ ಸರಿ. ಒತ್ತಿ ತುರುಕಬೇಕಾಗಿ ಬಂದರೆ ಆ ಗುಂಡು ಬೇಡವೇ ಬೇಡ. ನಮ್ಮದು ಜಾರಿತು.

"ರೀ, ಕೈ ತೊಳ್ಕೊಂಡ್ರಾ?" ಅಂತ ಇವಳು ಒಳಗಿಂದ ಎರಡು ಸಲ ಕೇಳಿದಳು. ತೊಳೆದಿದ್ದೆ, ಬಟ್ಟೆಯನ್ನೂ ಬೇರೆ ಹಾಕಿದ್ದೆ. ಸೀಸದ ವಿಷಯದಲ್ಲಿ ಅವಳ ಮಾತಿಗೆ ನಾನು ಎದುರಾಡಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾಂಡೊರ್ ರಣಹದ್ದುಗಳು ಸೀಸದ ವಿಷಕ್ಕೆ ಸಾಯ್ತಿವೆ ಅಂತ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿದ್ದಾರೆ. ಅದು ಸರಿ ಅಂತಲೇ ನನಗೂ ಅನ್ನಿಸೋದು. ಹಾಗಂತ ಕಾಗದಕ್ಕೆ ಹೊಡೆಯೋದನ್ನು ಬಿಡುವಷ್ಟು ಒಳ್ಳೆಯವನಾಗಿಲ್ಲ.

ಇವತ್ತು ಬೆಳಿಗ್ಗೆ ಮಂಜು ಸುರಿಯೋ ಚಳಿ. ರೇಂಜಿನಲ್ಲಿ ನಾವಿಬ್ಬರೇ. ವೇಗ ಅಳೆಯುವ ಯಂತ್ರ ಇಟ್ಟು ನೋಡಿದರೆ ಸೆಕೆಂಡಿಗೆ 1700 ಅಡಿ. ಕಾರ್ಖಾನೆಯ ತೋಟಾ 2200ರ ಮೇಲೆ ಹೋಗುತ್ತೆ, ನಮಗೆ ಅಷ್ಟು ಅವಸರ ಇಲ್ಲ. ಮೊದಲ ಈಡು ಹೊಡೆದು ದುರ್ಬೀನಿನಲ್ಲಿ ನೋಡಿದೆ. ದುಂಡಗಿನ ತೂತು. ಎರಡನೆಯದು ಪಕ್ಕದಲ್ಲೇ. ಐದೂ ಮುಗಿದ ಮೇಲೆ ನಡೆದು ಹೋಗಿ ಕಾಗದದ ಮೇಲೆ ಕೈ ಇಟ್ಟೆ. ಒಂದು ನಿಂಬೆಹಣ್ಣಿನ ಅಗಲದೊಳಗೆ ಐದೂ ಇದ್ದವು, ದೂರದರ್ಶಕ ಇಲ್ಲದ ಬರಿಗಣ್ಣಿನ ಗುರಿಗೆ. ನಳಿಗೆಯೊಳಗೆ ಇಣುಕಿದರೆ ಕನ್ನಡಿ. ಸೀಸದ ಒಂದು ಗೆರೆಯೂ ಇಲ್ಲ.

ಗುಂಡುಗಳು ಗುರಿಯಿಂದ ಮೂರು ಇಂಚು ಕೆಳಗೆ ಬಿದ್ದಿದ್ದವು. ನಳಿಗೆಯ ಮೇಲೆ ಕಣ್ಣಿನ ಕಡೆಗಿರುವ ಗುರಿಪಟ್ಟಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಸರಿಸೋಣವಾ ಅಂದೆ. ಅದರ ಮೇಲೆ ನೂರು ವರ್ಷದ ಧೂಳು, ಅಜ್ಜನ ಅಪ್ಪ ಇಟ್ಟ ಮೆಟ್ಟಿಲು. ಅಜ್ಜ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ಹಳೆ ಮೆಟ್ಟಿಲಿನ ಜಾಗಕ್ಕೆ ಒಂದು ಗೆರೆ ಎಳೆದು, ತಾವೇ ಸರಿಸಿದರು.

ನಾಡಿದ್ದು ಸೋಮವಾರ ಆಯುಧಪೂಜೆ. ಕಾರಿಗೆ ನಿಂಬೆಹಣ್ಣು, ಕುಂಬಳಕಾಯಿ ತಂದಾಗಿದೆ. ಕೋವಿಯನ್ನೂ ಒಂದು ದಿನ ಕೊಡ್ತೀರಾ ಅಂತ ಕೇಳಿದೆ, ಯಾಕೆ ಅಂತ ವಿವರಿಸೋಕೆ ಅರ್ಧ ಗಂಟೆ ಹಿಡಿಯಿತು. ಕುಂಕುಮ ಮರಕ್ಕೆ ಕಲೆ ಮಾಡುತ್ತಾ ಅಂತ ಕೇಳಿದರು. ಲಿವರಿಗೆ ಮಾತ್ರ ಹಚ್ತೀನಿ ಅಂದಿದ್ದೇನೆ.