ರೋಡ್ ಹಿಟ್ ಸೈಟಿನ ಕಾಂಪೌಂಡು

ಬೆಂಗಳೂರಿನ ಗಿರಿನಗರ, ಹನುಮಂತನಗರದ ಕಡೆ ಇಳಿಜಾರು ಬೀದಿ ನೇರ ಬಂದು ಮುಗಿಯುವ ಜಾಗದಲ್ಲಿ, ಅಂದರೆ ರೋಡ್ ಹಿಟ್ ಸೈಟಿನಲ್ಲಿ, ಮನೆ ಇರುವವರು ನನ್ನನ್ನು ಕೇಳುವುದು ಒಂದೇ: "ಮೇಡಂ, ಕಾಂಪೌಂಡಿಗೆ ಆರಿಂಚಿನ ಬದಲು ಎಂಟಿಂಚು ಬ್ಲಾಕು ಹಾಕಿಸಿದ್ರೆ ಗಾಡಿ ಗುದ್ದಿದ್ರೂ ತಡೆಯುತ್ತಾ?"

ತಡೆಯಲ್ಲ. ಇಟ್ಟಿಗೆಯಾಗಲಿ ಬ್ಲಾಕಾಗಲಿ, ಮೇಲಿಂದ ಬರುವ ಭಾರವನ್ನು ಚೆನ್ನಾಗಿ ಹೊರುತ್ತದೆ. ಪಕ್ಕದಿಂದ ಗುದ್ದಿದರೆ ಗೋಡೆ ಬಾಗುತ್ತದೆ, ಹಿಂಬದಿಯ ಗಾರೆ ಸಂದು ಬಾಯಿ ಬಿಡುತ್ತದೆ. ಎಳೆತ ತಡೆಯುವ ಶಕ್ತಿ ಗಾರೆಗೆ ಇಲ್ಲವೇ ಇಲ್ಲ ಅನ್ನಬಹುದು. ಇನ್ನು ಇಳಿಜಾರಿನಲ್ಲಿ ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. 1,500 ಕೆಜಿ ಕಾರು ಗಂಟೆಗೆ 36 ಕಿಮೀ ವೇಗದಲ್ಲಿ ಬಂದರೆ 75,000 ಜೌಲ್; 72ರಲ್ಲಿ ಬಂದರೆ 3 ಲಕ್ಷ.

ಈಚೆಗೆ ಅಂಥದ್ದೇ ಒಂದು ಮನೆಯ ಹಳೆ ಕಾಂಪೌಂಡು ಒಡೆಸಿದೆವು. ಇಟ್ಟಿಗೆಯಿಂದ ಗಾರೆ ಬೆರಳಲ್ಲೇ ಹಪ್ಪಳದ ಹಾಗೆ ಎದ್ದು ಬಂತು. ಇಟ್ಟಿಗೆ ನೆನೆಸದೆ ಕಟ್ಟಿದ್ದರು, ಗಾರೆಯ ನೀರನ್ನೆಲ್ಲ ಅದು ಹೀರಿಬಿಟ್ಟಿತ್ತು. ಆ ಗೋಡೆಯ ಒಳಬದಿಗೇ ಮನೆಯ ಅಜ್ಜಿ ದಿನಾ ಸೊಪ್ಪು ಬಿಡಿಸುತ್ತಾ ಕೂರುವುದು. ಗಾಡಿ ಒಳಗೆ ಬರುವುದಿರಲಿ, ಹಾರುವ ಇಟ್ಟಿಗೆಯೊಂದೇ ಸಾಕು ಅನಾಹುತಕ್ಕೆ.

ಹೊಸದಕ್ಕೆ ಎಂಟಿಂಚಿನ ಹಾಲೋ ಬ್ಲಾಕು ತರಿಸಿದೆವು. ಕೆಳಗೆ ಪಾಯದ ಮೇಲೆ ಉದ್ದಕ್ಕೂ ಕಾಂಕ್ರೀಟಿನ ತೊಲೆ (ಪ್ಲಿಂತ್ ಬೀಮು), ಅದರೊಳಗಿಂದಲೇ ಎದ್ದ 12 ಎಂಎಂ ಕಂಬಿ ಬ್ಲಾಕಿನ ತೂತುಗಳ ಮೂಲಕ ಮೇಲಿನ ಬೀಮಿನವರೆಗೆ. ವರಸೆಗಳ ನಡುವೆ ಅಡ್ಡ ಕಂಬಿ. ತೂತುಗಳಿಗೆ ಸಣ್ಣ ಜಲ್ಲಿಯ ಕಾಂಕ್ರೀಟು. "ಪೂರ್ತಿ ಎತ್ತರ ಕಟ್ಟಿ ಒಂದೇ ಸಲ ಸುರಿದುಬಿಡೋಣ ಮೇಡಂ" ಅಂದರು ಮೇಸ್ತ್ರಿ. ನಾನು ಬಿಡಲಿಲ್ಲ. ಉದುರಿದ ಗಾರೆ ಮಧ್ಯದಲ್ಲಿ ಸಿಕ್ಕಿಕೊಂಡರೆ ಕೆಳಗೆಲ್ಲ ಪೊಳ್ಳು, ಹೊರಗಿಂದ ಯಾರಿಗೂ ಕಾಣದು. ಮೂರು ನಾಲ್ಕು ವರಸೆಗೊಮ್ಮೆ ತುಂಬಿ, ಕಂಬಿಯಿಂದ ಕುಟ್ಟಿಸಿದೆ. ಹೀಗೆ ಕಟ್ಟಿದ ಗೋಡೆ ಬಿರುಕು ಬಿಡಬಹುದು, ಚೂರುಗಳು ಮಾತ್ರ ಸುಲಭವಾಗಿ ಹಾರಿಹೋಗುವುದಿಲ್ಲ.

ಗಾಡಿ ನಿಲ್ಲಿಸುವ ಕೆಲಸ ಗೋಡೆಗೆ ವಹಿಸಬಾರದು. ಗೋಡೆಯನ್ನು ಎರಡೂವರೆ ಅಡಿ ಒಳಗೆ ಸರಿಸಿ, ಮುಂದೆ ಕಾಂಕ್ರೀಟು ತುಂಬಿದ ಆರಿಂಚಿನ ಕಬ್ಬಿಣದ ಪೈಪುಗಳನ್ನು ನೆಟ್ಟೆವು. ನಾಲ್ಕಡಿ ಆಳದ ಪಾಯ, ಪೈಪುಗಳ ನಡುವೆ ನಾಲ್ಕಡಿಗಿಂತ ಕಡಿಮೆ ಜಾಗ, ಕಾರು ನುಸುಳದಷ್ಟು. ಎರಡೂವರೆ ಅಡಿ ಹೋಯಿತಲ್ಲ ಅಂತ ಯಜಮಾನರಿಗೆ ಸಂಕಟ. ಫುಟ್‌ಪಾತ್ ಮೇಲೆ ನೆಡಿ ಅಂದರು. ಅದು ನಡೆಯುವವರ ಜಾಗ, ಅಲ್ಲಿ ಖಂಡಿತ ಮಾಡಬೇಡಿ. ಗುಂಡಿ ತೋಡುವ ಮುಂಚೆ ನೀರಿನ ಪೈಪು, ಗ್ಯಾಸ್ ಪೈಪು ಎಲ್ಲಿದೆ ನೋಡಿಕೊಳ್ಳಿ.

ಇರುವ ಗೋಡೆಗೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಬಡಿದು ಪ್ಲಾಸ್ಟರ್ ಮಾಡಿಸಿ ಭದ್ರವಾಯಿತು ಅಂದುಕೊಳ್ಳುವವರಿದ್ದಾರೆ. ಅದು ಪ್ಲಾಸ್ಟರ್ ಬಿರುಕಿಗೆ ಅಷ್ಟೆ. ವೆಲ್ಡ್ ಮೆಶ್ (ಬೆಸೆದ ಗಟ್ಟಿ ತಂತಿಯ ಜಾಲರಿ) ಎರಡೂ ಬದಿಗೆ ಹಾಕಿ, ಗೋಡೆ ಕೊರೆದು ಒಂದಕ್ಕೊಂದು ಬಿಗಿದು, ಪಾಯಕ್ಕೂ ಕಚ್ಚಿಸಿದರೆ ಮಾತ್ರ ಪ್ರಯೋಜನ.

ನೀರಿನ ಟ್ಯಾಂಕರಿನ ಲೆಕ್ಕವೇ ಬೇರೆ. 6,000 ಲೀಟರ್ ಅಂದರೆ ನೀರೇ ಆರು ಟನ್. ನಿಮ್ಮ ಬೀದಿಯಲ್ಲಿ ಟ್ಯಾಂಕರ್ ಓಡಾಡುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಡಿಸೈನ್ ಮಾಡಿಸಿ, ಅಲ್ಲಿಯವರೆಗೆ ರಸ್ತೆ ಕಡೆಯ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.